ಓದುಗರ ಪ್ರಶ್ನೆ: ಸೇನೆಯ ಮೂಲ ಎಲೆಕ್ಟ್ರಾನಿಕ್ಸ್ ತರಬೇತಿ ರೇಡಾರ್ ಕೋರ್ಸಿಗೆ ಸಾಕೆ?

ಪ್ರಶ್ನೆ: ಮೂಲ ತರಬೇತಿಯಲ್ಲಿ ಒಳ್ಳೆಯ ಅಂಕ ಪಡೆದ ತಂತ್ರಜ್ಞರೇ ರೇಡಾರ್ ಕೋರ್ಸಿನ ಆರಂಭದಲ್ಲಿ ತಡವರಿಸುತ್ತಾರೆ. ತರಬೇತಿಯಲ್ಲಿ ಕೊರತೆ ಇದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಅಂಕಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಕಲಿಸಿದ್ದು ತಲೆಗೆ ಹೋಯಿತೇ ಎಂಬುದಷ್ಟೇ ಅದರಲ್ಲಿದೆ. ರೇಡಾರ್ ಕೋರ್ಸಿನ ಮೊದಲ ಎರಡು ವಾರದ ಪಾಠಗಳನ್ನು ಮುಂದಿಟ್ಟುಕೊಂಡು, ಅಲ್ಲಿ ಕಲಿಸದೆ, ಬರುತ್ತದೆಂದೇ ಹಿಡಿದಿರುವ ವಿಷಯಗಳನ್ನು ಗುರುತು ಮಾಡಿ: ಡೆಸಿಬೆಲ್ (ಶಕ್ತಿಯ ಅನುಪಾತದ ಅಳತೆ), ಆರ್‌ಸಿ ಕಾಲಸ್ಥಿರಾಂಕ (ರೆಸಿಸ್ಟರ್ ಮೂಲಕ ಕೆಪಾಸಿಟರ್ ಎಷ್ಟು ಬೇಗ ತುಂಬುತ್ತದೆ ಎಂಬುದರ ಅಳತೆ), ಮಿಕ್ಸರ್ (ಸಿಗ್ನಲಿನ ಆವರ್ತನ ಬದಲಿಸುವ ಹಂತ), ಸಿಗ್ನಲಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನ ಟ್ರಿಗರ್ (ಆ ಅಲೆಯನ್ನು ಸ್ಥಿರವಾಗಿ ನಿಲ್ಲಿಸುವ ವ್ಯವಸ್ಥೆ). ಪ್ರವೇಶದ ದಿನ ಇವುಗಳ ಮೇಲೆಯೇ ಪರೀಕ್ಷೆ ನಡೆಸಿ.

ಸೂತ್ರ ಕೇಳಬೇಡಿ. 10 ವೋಲ್ಟಿಗೆ ಎರಡು 100 ಕಿಲೋಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ, ಪ್ರತಿ ವೋಲ್ಟಿಗೆ 20 ಕಿಲೋಓಮ್‌ನ ಮುಳ್ಳಿನ ಮೀಟರನ್ನು 10 ವೋಲ್ಟ್ ರೇಂಜಿನಲ್ಲಿ ಕೊಡಿ. ಕೆಳಗಿನ ರೆಸಿಸ್ಟರಿನಲ್ಲಿ 5 ಇರಬೇಕಾದಲ್ಲಿ ಮುಳ್ಳು 4ರಲ್ಲಿ ನಿಲ್ಲುತ್ತದೆ. ಮೀಟರಿನ 200 ಕಿಲೋಓಮ್ (20 × 10) ಸಮಾಂತರವಾಗಿ ಸೇರಿ 100 ಅನ್ನು 67ಕ್ಕೆ ಇಳಿಸಿತು ಎನ್ನುವವರು ತಯಾರಿದ್ದಾರೆ. ರೆಸಿಸ್ಟರ್ ಬದಲಿಸಲು ಹೊರಡುವವರು ಇನ್ನೂ ಇಲ್ಲ. ಹಾಗೆಯೇ ಟ್ರಾನ್ಸ್‌ಮಿಟರಿನ ಶಕ್ತಿ 3 ಡೆಸಿಬೆಲ್ ಕುಸಿದರೆ ರೇಡಾರ್ ಗುರುತಿಸಬಲ್ಲ ದೂರ ಎಷ್ಟಾಗುತ್ತದೆ ಎಂದು ಕೇಳಿ. ಶಕ್ತಿ ಅರ್ಧವಾದರೂ ದೂರ ಶಕ್ತಿಯ ನಾಲ್ಕನೇ ಮೂಲದಂತೆ (ವರ್ಗಮೂಲದ ವರ್ಗಮೂಲ) ಇಳಿಯುವುದರಿಂದ ಸುಮಾರು ಶೇ. 84 ಉಳಿಯುತ್ತದೆ. ಅರ್ಧವಾಗುತ್ತದೆ ಎಂಬ ಉತ್ತರವೇ ಹೆಚ್ಚು ಬಂದರೆ ಕೊರತೆ ವಿದ್ಯಾರ್ಥಿಯದಲ್ಲ, ಪಾಠಕ್ರಮದ್ದು.

ಪ್ರಶ್ನೆ: ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲರೂ ದೋಷ ಹುಡುಕಿಬಿಡುತ್ತಾರಲ್ಲ?

ಉತ್ತರ: ಕೈಪಿಡಿಯ ದೋಷಪಟ್ಟಿ ಎದುರಿಗಿದ್ದರೆ ಹುಡುಕುತ್ತಾರೆ. ಬೋರ್ಡ್ ಬದಲಿಸಿ ದುರಸ್ತಿ ಮಾಡುವ ಅಭ್ಯಾಸ ಕ್ಷೇತ್ರದಲ್ಲಿ ಸರಿಯಾದದ್ದೇ, ಉಪಕರಣ ಬೇಗ ಕೆಲಸಕ್ಕೆ ಮರಳುತ್ತದೆ. ಆದರೆ ಸಿಗ್ನಲ್ ಎಲ್ಲಿ ಸತ್ತಿತು ಎಂದು ಯೋಚಿಸುವ ಅಗತ್ಯವೇ ಅಲ್ಲಿ ಬೀಳುವುದಿಲ್ಲ. ಪಟ್ಟಿಯನ್ನೂ ಬದಲಿ ಬೋರ್ಡನ್ನೂ ತೆಗೆದು, ಎಂಟು ಹಂತದ ಒಂದು ರಿಸೀವರಿನಲ್ಲಿ ಒಂದೇ ಹಂತವನ್ನು ಕೆಡಿಸಿ, ಮಾಡಿದ ಪ್ರತಿ ಅಳತೆಯನ್ನೂ ಬರೆಸಿ. ಮಧ್ಯದಿಂದ ಅರ್ಧ ಅರ್ಧವಾಗಿ ಕತ್ತರಿಸುತ್ತ ಹೋದರೆ ಮೂರು ಅಳತೆ ಸಾಕು. ಮೊದಲಿನಿಂದ ಒಂದೊಂದೇ ನೋಡಿದರೆ ಏಳರವರೆಗೆ ಹೋಗಬಹುದು. ಅಂಕವನ್ನು ಆ ದಾರಿಗೆ ಕೊಡಿ. ದೋಷ ಅದೃಷ್ಟದಿಂದಲೂ ಸಿಗುತ್ತದೆ. ಒಳಗೆ ಪೂರ್ತಿ ಕಡಿದುಹೋದ ರೆಸಿಸ್ಟರಿಗಿಂತ, ಸೋರುವ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲನ್ನು ಮುಂದಿನ ಹಂತಕ್ಕೆ ದಾಟಿಸಿ ಡಿಸಿಯನ್ನು ತಡೆಯುವಂಥದ್ದು) ಪರೀಕ್ಷೆಗೆ ಒಳ್ಳೆಯ ದೋಷ: ಸಿಗ್ನಲ್ ದಾಟುತ್ತಲೇ ಇರುತ್ತದೆ, ಮುಂದಿನ ಹಂತದ ಬಯಾಸ್ (ಅದು ಕೆಲಸ ಮಾಡಲು ನಿಗದಿಪಡಿಸಿದ ಡಿಸಿ ವೋಲ್ಟೇಜ್) ಮಾತ್ರ ಜರುಗುತ್ತದೆ.

ಪ್ರಶ್ನೆ: ಮೂಲ ತರಬೇತಿಯ ಅಂಕಕ್ಕೂ ಮುಂದಿನ ಫಲಿತಾಂಶಕ್ಕೂ ನಮ್ಮ ಲೆಕ್ಕದಲ್ಲಿ ಸಂಬಂಧವೇ ಕಾಣುತ್ತಿಲ್ಲ.

ಉತ್ತರ: ಮೇಲಿನ ಅಂಕದವರನ್ನು ಮಾತ್ರ ಕಳಿಸಿದ್ದರೆ ಹಾಗೆಯೇ ಕಾಣುತ್ತದೆ, ಎಲ್ಲರ ಅಂಕವೂ ಒಂದೇ ಕಿರಿದಾದ ವ್ಯಾಪ್ತಿಯಲ್ಲಿರುವುದರಿಂದ ಹೋಲಿಸಲು ಅಂತರವೇ ಉಳಿದಿಲ್ಲ. ಎರಡು ಕೋರ್ಸುಗಳ ನಡುವೆ ಎಷ್ಟು ತಿಂಗಳು ಕಳೆದಿವೆ, ಆ ಅವಧಿಯಲ್ಲಿ ಅವರು ಆಸಿಲೋಸ್ಕೋಪ್ ಮುಟ್ಟಿದ್ದರೇ ಎಂಬುದನ್ನೂ ದಾಖಲಿಸಿ. ಕಲಿತು ಮರೆತವರಿಗೆ ಪ್ರವೇಶಕ್ಕೆ ಮುಂಚೆ ಕೆಲವು ದಿನಗಳ ಪುನರಭ್ಯಾಸ ಸಾಕಾಗಬಹುದು. ಎಂದೂ ಕಲಿಯದವರಿಗೆ ಅದು ಸಾಲದು, ಮೂಲ ಪಾಠಕ್ರಮವನ್ನೇ ತಿದ್ದಬೇಕು.