ಅಲ್ಯೂಮಿನಿಯಂ ಫ್ರೇಮ್ ಬಿರುಕಿಗೆ ಮೇಲೊಂದು ವೆಲ್ಡ್ ಎಳೆದರೆ ಸಾಲದು

ಕ್ವಾಡ್ ಗಾಡಿಯ (ನಾಲ್ಕು ಚಕ್ರದ ಬೈಕಿನಂಥ ಗಾಡಿ) ಅಲ್ಯೂಮಿನಿಯಂ ಫ್ರೇಮ್‌ನಲ್ಲಿ, ಎಂಜಿನ್ ಮೌಂಟಿನ, ಅಂದರೆ ಎಂಜಿನ್ ಬೋಲ್ಟ್ ಮಾಡೋ ಜಾಗದ, ಹಳೇ ವೆಲ್ಡ್ ಪಕ್ಕದಲ್ಲೇ ಎರಡು ಇಂಚು ಬಿರುಕು ಬಿಟ್ಟಿದೆ, ವೆಲ್ಡರ್ "ಮೇಲೊಂದು ಗೆರೆ ಎಳೆದುಕೊಡ್ತೀನಿ" ಅಂದಿದ್ದಾರೆ, ಮಾಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಿಸಬೇಡಿ. ಹುಣ್ಣು ತೊಳೆಯದೆ ಬಟ್ಟೆ ಸುತ್ತಿದ ಹಾಗಾಗುತ್ತೆ.

ಮೊದಲು ಬಿರುಕು ಯಾಕೆ ಬಂತು ಅಂತ ನೋಡಿ. ಇಂಥ ಗಾಡಿಗಳಲ್ಲಿ ಎಷ್ಟೋ ಸಲ ಎಂಜಿನ್ ಕೂಡ ಫ್ರೇಮಿನ ಬಿಗಿಗೆ ಆಸರೆ. ಮೌಂಟ್ ಬೋಲ್ಟ್ ಸಡಿಲವಾದರೆ ಆ ಭಾರವೆಲ್ಲ ಪೈಪಿನ ಮೇಲೆ ಬಿದ್ದು, ಅದು ಪ್ರತಿ ಗುಂಡಿಗೂ ಬಾಗುತ್ತೆ. ಅಲ್ಯೂಮಿನಿಯಂಗೆ ಉಕ್ಕಿನ ಹಾಗೆ "ಇಷ್ಟರೊಳಗಿನ ಒತ್ತಡ ಎಷ್ಟು ಸಲ ಬಂದರೂ ತಡೆದೀತು" ಅನ್ನೋ ಮಿತಿ ಇಲ್ಲ. ಸಣ್ಣ ಬಾಗಾಟವೂ ಸೇರುತ್ತಾ ಹೋಗುತ್ತೆ. ಬೋಲ್ಟ್ ರಂಧ್ರ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಕಾರಣ ಸಿಕ್ಕ ಹಾಗೆ. ಅದನ್ನು ಸರಿಮಾಡದೆ ವೆಲ್ಡ್ ಮಾಡಿಸಿದರೆ ಪಕ್ಕದಲ್ಲೇ ಮತ್ತೆ ಸೀಳುತ್ತೆ.

ಪಕ್ಕದಲ್ಲೇ ಯಾಕೆ ಅಂದರೆ, ವೆಲ್ಡಿಂಗ್ ಶಾಖ ಸುತ್ತಲಿನ ಲೋಹವನ್ನು ಮೆತ್ತಗೆ ಮಾಡುತ್ತೆ. ಫ್ರೇಮ್‌ಗಳಲ್ಲಿ ಹೆಚ್ಚು ಬಳಸುವ 6061-ಟಿ6 ಅನ್ನೋ ಅಲ್ಯೂಮಿನಿಯಂ ಮಿಶ್ರಲೋಹವನ್ನೇ ತಗೊಳ್ಳಿ. ಅದು ಸುಮಾರು 310 ಮೆಗಾಪ್ಯಾಸ್ಕಲ್ ಎಳೆತ ತಡೆಯುತ್ತೆ, ವೆಲ್ಡ್ ಮಾಡಿದ ಜಾಗದಲ್ಲಿ ಲೆಕ್ಕಕ್ಕೆ ಹಿಡಿಯೋದು ಬರೀ 165. ಮತ್ತೆ ಗಟ್ಟಿಮಾಡಬೇಕಂದರೆ ಇಡೀ ಫ್ರೇಮನ್ನು 530 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿ, ನೀರಲ್ಲಿ ತಣಿಸಿ, ಆಮೇಲೆ 160–175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಅಷ್ಟರಲ್ಲಿ ಫ್ರೇಮ್ ಸೊಟ್ಟಗಾಗುವ ಅಪಾಯ ದೊಡ್ಡದು. ಹಾಗಾಗಿ ರಿಪೇರಿಯ ಬಲ ಬರಬೇಕಾದ್ದು ಒತ್ತುಪಟ್ಟಿಯಿಂದ, ಅಂದರೆ ಬಿರುಕಿನ ಮೇಲೆ ಕೂರಿಸಿ ವೆಲ್ಡ್ ಮಾಡೋ ಅಲ್ಯೂಮಿನಿಯಂ ತುಂಡಿನಿಂದ. ಪೈಪಿನ ಗೋಡೆಯಷ್ಟೇ ದಪ್ಪದ, ಎರಡೂ ತುದಿ ಚೂಪಾದ ವಜ್ರಾಕಾರದ ತುಂಡು ಸಾಕು. ಅದರ ವೆಲ್ಡ್ ಪೈಪಿನ ಉದ್ದಕ್ಕೆ ಓರೆಯಾಗಿ ಹೋಗಲಿ, ಪೈಪಿಗೆ ಅಡ್ಡಲಾಗಿ ಉಂಗುರದ ಹಾಗೆ ಸುತ್ತಬಾರದು. ಸುತ್ತಿದರೆ ಮೆತ್ತಗಾದ ಲೋಹವೆಲ್ಲ ಒಂದೇ ಅಡ್ಡಗೆರೆಯಲ್ಲಿ ಸಾಲಾಗಿ ನಿಲ್ಲುತ್ತೆ.

ಕಣ್ಣಿಗೆ ಕಾಣೋ ಬಿರುಕು ಪೂರ್ತಿ ಬಿರುಕಲ್ಲ. ಬಣ್ಣ ಕೆರೆದು, ಡೈ ಪೆನೆಟ್ರಂಟ್ ಅನ್ನೋ, ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಹೊಡೆದು, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಆಮೇಲೆ ಬಿಳಿ ಡೆವಲಪರ್ ಹೊಡೆದರೆ ನಿಜವಾದ ತುದಿ ಕೆಂಪಾಗಿ ಮೂಡುತ್ತೆ. ಆ ತುದಿಯಲ್ಲಿ 3 ಮಿಲಿಮೀಟರ್ ರಂಧ್ರ ಕೊರೆದು, ಬಿರುಕನ್ನು ತಳದವರೆಗೆ ವಿ ಆಕಾರದಲ್ಲಿ ತೆಗೆಯಿರಿ. ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರ ಇದಕ್ಕೆ ಬೇಡ.

ಶುಚಿಯ ವಿಷಯದಲ್ಲಿ ನಾನು ಹಠಮಾರಿ. ಅಲ್ಯೂಮಿನಿಯಂ ಕರಗೋದು 660 ಡಿಗ್ರಿಯಲ್ಲಿ, ಅದರ ಮೇಲಿನ ಆಕ್ಸೈಡ್ ಪದರ ಕರಗಲು 2000 ಡಿಗ್ರಿ ದಾಟಬೇಕು. ಹಾಗಾಗಿ ಆ ಪದರವನ್ನು ಉಜ್ಜಿ ತೆಗೆಯಬೇಕು. ಮೊದಲು ಅಸಿಟೋನ್‌ನಿಂದ ಎಣ್ಣೆ ತೆಗೆದು, ಅದು ಆರಿದ ಮೇಲೇ ಅಲ್ಯೂಮಿನಿಯಂಗೆ ಮಾತ್ರ ಮೀಸಲಿಟ್ಟ ಸ್ಟೇನ್‌ಲೆಸ್ ಬ್ರಷ್ ಹಾಕಿ. ಹಿಂದುಮುಂದಾದರೆ ಬ್ರಷ್ಷೇ ಎಣ್ಣೆಯನ್ನು ಒಳಗೆ ತಿಕ್ಕುತ್ತೆ. ಬ್ರೇಕ್ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಕ್ಲೋರಿನ್ ಇರುವ ಕ್ಲೀನರ್ ಮೇಲೆ ಆರ್ಕ್ ಬಿದ್ದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತೆ, ಪ್ರಾಣಕ್ಕೇ ಸಂಚಕಾರ. ಪೈಪಿನೊಳಗೆ ಕೂತ ತೇವ ವೆಲ್ಡ್‌ನಲ್ಲಿ ಸಣ್ಣ ತೂತುಗಳನ್ನು ಬಿಡುತ್ತೆ, ಆದ್ದರಿಂದ ಬಿಸಿಮಾಡಿ ಆರಿಸಿ. ಆದರೆ 120 ಡಿಗ್ರಿ ದಾಟಬೇಡಿ.

ವೆಲ್ಡ್ ಟಿಗ್‌ನಲ್ಲೇ (ಟಂಗ್‌ಸ್ಟನ್ ಕಡ್ಡಿಯ ಆರ್ಕ್ ವೆಲ್ಡಿಂಗ್) ಆಗಬೇಕು, ಎಸಿ ಕರೆಂಟ್, ಶುದ್ಧ ಆರ್ಗಾನ್ ಅನಿಲ. ವೆಲ್ಡ್‌ಗೆ ಕರಗಿಸಿ ತುಂಬುವ ಫಿಲ್ಲರ್ ರಾಡ್ ವಿಷಯಕ್ಕೆ, 5356 ನಂಬರಿನದು ಹೆಚ್ಚು ಬಲ ಅಂತ ತುಂಬಾ ಜನ ಅದನ್ನೇ ಕೇಳ್ತಾರೆ. ಆದರೆ ಸತತವಾಗಿ 65 ಡಿಗ್ರಿಗಿಂತ ಹೆಚ್ಚು ಬಿಸಿ ಇರುವ ಜಾಗಕ್ಕೆ ಅದು ಹೊಂದಲ್ಲ. ನಿಮ್ಮದು ಎಂಜಿನ್ ಪಕ್ಕ, ಹಾಗಾಗಿ ನಾನಾದರೆ 4043 ಆರಿಸ್ತೀನಿ. ಗಾಡಿಯ ಫ್ರೇಮ್ ಯಾವ ಮಿಶ್ರಲೋಹ ಅಂತ ಮೊದಲು ಗೊತ್ತುಮಾಡಿಕೊಳ್ಳಿ. 7075 ಆಗಿದ್ದರೆ ವೆಲ್ಡಿಂಗ್ ಆಲೋಚನೆಯನ್ನೇ ಬಿಡಿ.

ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ), ಪೆಟ್ರೋಲ್ ಟ್ಯಾಂಕ್ ಎಲ್ಲ ಬಿಚ್ಚಿಡಿ. ಮೌಂಟ್‌ಗಳ ನಡುವೆ ಹಳೇ ಖಾಲಿ ಎಂಜಿನ್ ಕೇಸೋ ಅಳತೆಯ ಕಂಬಿಯೋ ಬಿಗಿದು, ಸ್ವಿಂಗ್ ಆರ್ಮ್ (ಹಿಂದಿನ ಚಕ್ರಗಳನ್ನು ಹಿಡಿಯೋ ತೋಳು) ಸ್ಪಿಂಡಲ್ ತೂರಿಸಿಟ್ಟು, ಚಿಕ್ಕ ಚಿಕ್ಕ ತುಂಡಾಗಿ ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ತಣ್ಣಗಾದ ಮೇಲೆ ಬೋಲ್ಟ್ ಕೂರಲ್ಲ. ಪ್ರತಿ ಗೆರೆಯ ಕೊನೆಯ ಕುಳಿ ತುಂಬಿಸಲು ಹೇಳಿ, ಹೊಸ ಬಿರುಕು ಅಲ್ಲಿಂದಲೇ ಹೊರಡೋದು.

ಕಡಿಮೆ ಶಾಖದ ಸತುವಿನ ಕಡ್ಡಿ, ಎಪಾಕ್ಸಿ ಅಂತ ಕೆಲವರು ಹೇಳಬಹುದು. ಫ್ರೇಮ್‌ಗೆ ಅವೆರಡೂ ಬೇಡ. ಬಿರುಕು ಸ್ಟೀರಿಂಗ್ ಮೌಂಟ್‌ವರೆಗೆ ಅಥವಾ ಸ್ವಿಂಗ್ ಆರ್ಮ್ ಪಿವಟ್‌ವರೆಗೆ ಹೋಗಿದ್ದರೆ ರಿಪೇರಿ ಬಿಟ್ಟು ಬೇರೆ ಫ್ರೇಮ್ ಹುಡುಕಿ. ಅಲ್ಲಿ ಒಡೆದರೆ ಗಾಡಿ ಓಡಿಸುವವರ ಕೈಯಲ್ಲಿ ಏನೂ ಉಳಿಯಲ್ಲ.

ಇನ್ನೊಂದು ಬದಿಯ ಮೌಂಟಿಗೂ ಇವತ್ತೇ ಕೆಂಪು ದ್ರವ ಹೊಡೆದು ನೋಡಿ. ಎರಡೂ ಬದಿಯ ಫೋಟೋ ಹಾಕಿದರೆ ಒತ್ತುಪಟ್ಟಿ ಎಲ್ಲಿ ಕೂರಬೇಕು ಅಂತ ಗೆರೆ ಹಾಕಿ ತೋರಿಸ್ತೀನಿ.