ಓದುಗರ ಪ್ರಶ್ನೆ: ಚಿತ್ರ, ಧ್ವನಿ ಎಲ್ಲ ಇದ್ದರೂ ಪದ ಏಕೆ ಮರೆಯುತ್ತದೆ?

ಪ್ರಶ್ನೆ: ಎರಡನೇ ಭಾಷೆ ಕಲಿಯುವವರಿಗೆ ಹೊಸ ಪದಗಳನ್ನು ಚಿತ್ರ, ಧ್ವನಿ, ಬರಹ ಸೇರಿಸಿ ಸ್ಲೈಡ್‌ಗಳಲ್ಲಿ ತೋರಿಸುತ್ತೇನೆ. ತರಗತಿಯಲ್ಲಿ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಮುಂದಿನ ವಾರ ಕೇಳಿದರೆ ಅರ್ಧಕ್ಕರ್ಧ ಮರೆತಿರುತ್ತಾರೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಪದ, ಚಿತ್ರ, ಉಚ್ಚಾರಣೆ ಮೂರೂ ಕಣ್ಣೆದುರಿಗೇ ಇದ್ದರೆ ನೆನಪಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಅವರು ತೆರೆ ನೋಡಿ ಓದುತ್ತಿದ್ದಾರೆ, ಅಷ್ಟೆ. ಮಾತು ಮತ್ತು ಚಿತ್ರ ಎರಡೂ ದಾರಿಯಲ್ಲಿ ಮನಸ್ಸಿಗಿಳಿದ ಪದ ಹೆಚ್ಚು ಗಟ್ಟಿ ಎಂದು ಮನೋವಿಜ್ಞಾನಿ ಅಲನ್ ಪೈವಿಯೊ 1971ರಲ್ಲೇ ವಿವರಿಸಿದ್ದರು. ಆದರೆ ಇಳಿದದ್ದನ್ನು ಹೊರಗೆ ತೆಗೆಯುವ ಅಭ್ಯಾಸವೂ ಬೇಕು.

ಒಂದೇ ಪದವನ್ನು ಮೂರು ಸುತ್ತಿನಲ್ಲಿ ತನ್ನಿ. ಮೊದಲು ಚಿತ್ರದ ಜೊತೆಗೇ ಧ್ವನಿ, ಎರಡು ಬಾರಿ. ಆಮೇಲೆ ಚಿತ್ರಕ್ಕೆ ಅಂಟಿದಂತೆ ಬರಹ. ಎರಡನೇ ಸುತ್ತಿನಲ್ಲಿ ಬರೀ ಚಿತ್ರ, ನಂತರ ನಾಲ್ಕೈದು ಸೆಕೆಂಡು ಮೌನ, ಆಮೇಲಷ್ಟೇ ಧ್ವನಿ. ಈ ಮೌನವೇ ಕೆಲಸ ಮಾಡುವುದು, ಅವಸರದಲ್ಲಿ ಅದನ್ನು ಕತ್ತರಿಸಬೇಡಿ. ಕೊನೆಗೆ ಬರೀ ಧ್ವನಿ ಕೇಳಿಸಿ, ನಾಲ್ಕು ಚಿತ್ರಗಳಲ್ಲಿ ಸರಿಯಾದದ್ದನ್ನು ಆರಿಸಲು ಹೇಳಿ. ತರಗತಿಗೆ ಎಂಟು-ಹತ್ತು ಪದ ಸಾಕು. ಮರುದಿನ, ಮೂರನೇ ದಿನ, ವಾರದ ನಂತರ ಅವನ್ನೇ ಮತ್ತೆ ಕೇಳಿ.

ಚಿತ್ರದಲ್ಲೇ ಗೊಂದಲವಿದ್ದರೆ ಇದೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತೆ. ಓಡುತ್ತಿರುವ ನಾಯಿಯ ಒಂದೇ ಚಿತ್ರ ತೋರಿಸಿದರೆ ಅದು ‘ನಾಯಿ’ಯೋ ‘ಓಡು’ವೋ? ಅದೇ ನಾಯಿ ಕೂತದ್ದು, ನಡೆದದ್ದು, ಓಡಿದ್ದು ಅಕ್ಕಪಕ್ಕ ಇಡಿ. ಕ್ರಿಯಾಪದಕ್ಕೆ ಎರಡು-ಮೂರು ಸೆಕೆಂಡಿನ ಮೂಕ ವಿಡಿಯೊ ಇನ್ನೂ ಒಳ್ಳೆಯದು. ಹಿನ್ನೆಲೆ ಸಂಗೀತ, ಕುಣಿಯುವ ಅಕ್ಷರಗಳನ್ನು ತೆಗೆದುಹಾಕಿ. ಅವು ಗಮನವನ್ನು ಕದಿಯುತ್ತವೆ. ಬಣ್ಣಗಳ ಹೆಸರೆಲ್ಲ ಒಂದೇ ದಿನ ಕಲಿಸುವುದೂ ಬೇಡ, ಹೊಸದರಲ್ಲಿ ಒಂದೇ ಗುಂಪಿನ ಪದಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ಪ್ರಶ್ನೆ: ‘ನಂಬಿಕೆ’ಯಂಥ ಪದಕ್ಕೆ ಯಾವ ಚಿತ್ರ ಹಾಕಲಿ?

ಉತ್ತರ: ಹಾಕಬೇಡಿ. ಕೈಕುಲುಕುವ ಚಿತ್ರ ಹಾಕಿದರೆ ಕಲಿಯುವವರು ಅದನ್ನು ‘ನಮಸ್ಕಾರ’ ಅಂದುಕೊಳ್ಳುತ್ತಾರೆ. ಆ ಪದ ಮಾತಿನಲ್ಲಿ ಬರುವ ಹದಿನೈದು-ಇಪ್ಪತ್ತು ಸೆಕೆಂಡಿನ ದೃಶ್ಯ ತೋರಿಸಿ, ಆ ವಾಕ್ಯದ ಬಳಿ ನಿಲ್ಲಿಸಿ ಅರ್ಥ ಊಹಿಸಲು ಬಿಡಿ. ಊಹೆ ತಪ್ಪಿದರೆ ಮನೆಮಾತಿನಲ್ಲಿ ಅರ್ಥ ಹೇಳಿಬಿಡಿ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ವಿಡಿಯೊಗೆ ಸಬ್‌ಟೈಟಲ್ ಯಾವ ಭಾಷೆಯಲ್ಲಿರಬೇಕು?

ಉತ್ತರ: ಕಲಿಯುವ ಭಾಷೆಯಲ್ಲೇ. ಮನೆಮಾತಿನಲ್ಲಿದ್ದರೆ ಕಣ್ಣು ಅದನ್ನಷ್ಟೇ ಓದುತ್ತದೆ, ಕಿವಿ ಕೆಲಸ ಬಿಡುತ್ತದೆ. ಆಡುವ ಮಾತನ್ನೇ ತೆರೆಯ ಮೇಲೂ ಬರೆದರೆ ಹೊರೆ ಎಂಬ ಮಾತಿದೆ. ತಾಯ್ನುಡಿಯಲ್ಲಿ ಪಾಠ ಕೇಳುವವರಿಗೆ ಅದು ಬಹುಮಟ್ಟಿಗೆ ನಿಜ. ಹೊಸ ಭಾಷೆಯವರಿಗೆ ಮಾತ್ರ ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವುದೇ ಆ ಬರಹದಿಂದ. ಎರಡನೇ ಸಲ ನೋಡುವಾಗ ಸಬ್‌ಟೈಟಲ್ ತೆಗೆದುಬಿಡಿ.