ಕೊಬ್ಬು ತೆಗೆದ ಮಟನ್ ಹೃದಯಕ್ಕೆ ಕ್ಷೇಮವೇ?

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಮಟನ್ ಊಟ. ಕೊಬ್ಬು ತೆಗೆದೇ ಬೇಯಿಸುತ್ತೇವೆ. ಆದರೂ ಹೃದಯಕ್ಕೆ ತೊಂದರೆಯೇ?

ಉತ್ತರ: ಕೊಬ್ಬು ತೆಗೆದರಷ್ಟೇ ಸಾಲದು. ಮಟನ್‌ನಂಥ ಕೆಂಪು ಮಾಂಸದಲ್ಲಿರುವ ಕಾರ್ನಿಟಿನ್ ಎಂಬ ವಸ್ತುವಿನಿಂದ ಕರುಳಿನ ಬ್ಯಾಕ್ಟೀರಿಯಾಗಳು ಟಿಎಂಎ (ಟ್ರೈಮೀಥೈಲಮೈನ್) ಎಂಬ ರಾಸಾಯನಿಕ ತಯಾರಿಸುತ್ತವೆ. ಯಕೃತ್ತು ಅದನ್ನು ಟಿಎಂಎಒ ಎಂಬ ಇನ್ನೊಂದು ರಾಸಾಯನಿಕವಾಗಿ ಬದಲಿಸುತ್ತದೆ. ಇದು ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತವೂ ಹೆಚ್ಚು ಕಂಡುಬಂದಿದೆ. ಇದೇ ಮೂಲ ಕಾರಣವೇ ಎಂಬ ಚರ್ಚೆ ಮುಗಿದಿಲ್ಲ. 2013ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ತಂಡದ ಅಧ್ಯಯನದಲ್ಲಿ, ಕಾರ್ನಿಟಿನ್ ಕೊಟ್ಟರೂ ಸಸ್ಯಾಹಾರಿಗಳಲ್ಲಿ ಟಿಎಂಎಒ ಬಹಳ ಕಡಿಮೆ ಉತ್ಪತ್ತಿಯಾಯಿತು. ಅಂದರೆ ಊಟದ ರೂಢಿಗೆ ತಕ್ಕಂತೆ ಕರುಳಿನ ಬ್ಯಾಕ್ಟೀರಿಯಾಗಳೂ ಬೇರೆಯಾಗುತ್ತವೆ.

ಮಟನ್ ವಾರಕ್ಕೊಮ್ಮೆ ಸಾಕು. ಉಳಿದ ದಿನ ಹುರುಳಿ, ಅಲಸಂದೆ, ಸೊಪ್ಪು ಸೇರಿಸಿ ನಾರಿನಂಶವನ್ನು ದಿನಕ್ಕೆ 25–30 ಗ್ರಾಂಗೆ ತನ್ನಿ, ಎರಡು ಮೂರು ವಾರದಲ್ಲಿ ನಿಧಾನವಾಗಿ. ಒಮ್ಮೆಲೇ ಏರಿಸಿದರೆ ಕರುಳಲ್ಲಿ ಹುದುಗುವಿಕೆ ಜೋರಾಗಿ ಹೊಟ್ಟೆ ಉಬ್ಬರಿಸುತ್ತದೆ. ಕಾಳು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ.